ಪತ್ರೆ ಮರದ ಬಲಕ್ಕೆ

ಸ್ಮಶಾನ ಅಳೆಯಲು ಹೋದಾಗ ಚಪ್ಪಲಿ ಎಲ್ಲಿ ಬಿಡಬೇಕು ಎನ್ನುವುದನ್ನು ಸರ್ವೆ ತರಬೇತಿಯಲ್ಲಿ ಹೇಳಿಕೊಡುವುದಿಲ್ಲ. ಹಾಕಿಕೊಂಡು ಒಳಗೆ ಹೋದರೆ ಊರಿನವರು ಮುಖ ಗಂಟಿಕ್ಕುತ್ತಾರೆ. ಗೇಟಿನ ಹೊರಗೆ ಬಿಟ್ಟರೆ ಜಾಲಿಮುಳ್ಳು ಸುಮ್ಮನೆ ಬಿಡುವುದಿಲ್ಲ. ನಾನು ಕಂಡುಕೊಂಡ ಉಪಾಯ ಇಷ್ಟು: ಬಿಡುವವನಂತೆ ಬಗ್ಗಿ, ಅಲ್ಲಿರುವ ಹಿರಿಯರೊಬ್ಬರು "ಹಾಕ್ಕಳ್ರೀ ಸಾಹೇಬ್ರೇ, ಮುಳ್ಳದಾವೆ" ಎನ್ನುವವರೆಗೆ ಒಂಟಿಕಾಲಲ್ಲಿ ನಿಲ್ಲುವುದು. ಯಾರಾದರೂ ಹೇಳಿಯೇ ಹೇಳುತ್ತಾರೆ.

ಶಿಕಾರಿಪುರ ಮತ್ತು ಸೊರಬ ತಾಲೂಕುಗಳಲ್ಲಿ ನಾನು ಭೂಮಾಪಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಬಡ್ತಿ ಬಂತು, ತಡವಾಗಿ ಬಂತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಹೊಲ ಗದ್ದೆ ಅಳೆದ ಕಥೆಗಳನ್ನು ಎಲ್ಲ ಸರ್ವೆಯರುಗಳೂ ಹೇಳುತ್ತಾರೆ. ನಾನು ಸ್ಮಶಾನ ಅಳೆದದ್ದನ್ನು ಬರೆಯುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಆ ಅರ್ಜಿ ಬಂದರೆ ರಜೆ ಹಾಕುವುದನ್ನು ನೋಡಿದ್ದೇನೆ. ಹೆದರಬೇಕಾದ್ದೇನೂ ಇಲ್ಲ. ಅಲ್ಲಿ ನಾನು ನಕ್ಕಷ್ಟು ಕಚೇರಿಯಲ್ಲಿ ನಗಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಕೆಲಸದಲ್ಲಿ ಒಮ್ಮೆ ಅಳೆದದ್ದಕ್ಕೆ ಯಾರಾದರೂ ತಕರಾರು ಮಾಡಿದರೆ ಮರು ಅಳತೆ ಮಾಡುತ್ತೇವೆ. ನನ್ನ ನೆನಪುಗಳಿಗೆ ತಕರಾರು ಮಾಡುವವರು ಮನೆಯಲ್ಲೇ ಇದ್ದಾರೆ. ಹಾಗಾಗಿ ಈ ಬರಹದಲ್ಲಿ ಅಲ್ಲಲ್ಲಿ ಮರು ಅಳತೆ ಬರುತ್ತದೆ.

ಮೊದಲು ವಾಸುದೇವರಾಯರ ಊಟದ ವಿಷಯ. ರಾಯರು ಕರಾವಳಿಯಿಂದ ವರ್ಗವಾಗಿ ಬಂದ ನಮ್ಮ ಸೂಪರ್‌ವೈಸರ್. ಒಳ್ಳೆಯ ಮನುಷ್ಯ, ಅಳತೆಯಲ್ಲಿ ಬಲು ಬಿಗಿ. ಸೊರಬದ ಹತ್ತಿರದ ಒಂದು ಊರಲ್ಲಿ ಹಳೆಯ ರುದ್ರಭೂಮಿಯ ಗಡಿ ಗುರುತಿಸಲು ಹೋಗಿದ್ದೆವು. ಮಧ್ಯಾಹ್ನವಾಯಿತು. ಮರದ ನೆರಳಲ್ಲಿ ಚೌಕನೆಯ ಗಾರೆ ಕಟ್ಟೆಯೊಂದಿತ್ತು, ಕೂರಲು ಹೇಳಿ ಮಾಡಿಸಿದ ಎತ್ತರ. ರಾಯರು ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಡಬ್ಬಿ ಬಿಚ್ಚಿದರು. ಪಕ್ಕದ ಹೊಲದಿಂದ ಒಬ್ಬ ಹೆಂಗಸು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಾಹೇಬ್ರೇ, ಏನು ಊಟ?"

"ಚಿತ್ರಾನ್ನ. ಯಾಕಮ್ಮ?"

"ನಮ್ಮ ಮಾವನ ನೆತ್ತಿ ಮೇಲೆ ಕೂತು ತಿಂತಿದೀರಿ. ಅವರಿಗೂ ಒಂದು ತುತ್ತು ಇಡಿ. ಚಿತ್ರಾನ್ನ ಅಂದ್ರೆ ಅವರಿಗೆ ಭಾಳ ಇಷ್ಟ."

ನೆತ್ತಿ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಕಡೆ ಲಿಂಗವಂತರು ಸತ್ತವರನ್ನು ಮಲಗಿಸುವುದಿಲ್ಲ. ಕೈಯಲ್ಲಿ ಲಿಂಗವಿಟ್ಟು, ಧ್ಯಾನಕ್ಕೆ ಕೂತ ಹಾಗೆ ಕೂರಿಸಿ ಮಣ್ಣು ಮಾಡುತ್ತಾರೆ. ಅದಕ್ಕೇ ಮೇಲಿನ ಸಮಾಧಿಯೂ ಉದ್ದಕ್ಕಿರದೆ ಚೌಕವಾಗಿರುತ್ತದೆ. ಉದ್ದನೆಯ ದಿಬ್ಬಗಳನ್ನೇ ಸಮಾಧಿ ಎಂದು ತಿಳಿದಿದ್ದ ರಾಯರಿಗೆ ಅದು ವಿಶ್ರಾಂತಿ ಕಟ್ಟೆಯಾಗಿ ಕಂಡಿತ್ತು. ಅವರು ಎದ್ದು ನಿಂತು, ಗಂಭೀರವಾಗಿ ಎಲೆಯ ಮೇಲೆ ಒಂದು ತುತ್ತು ಇಟ್ಟು ಕೈಮುಗಿದರು. ಆಮೇಲೆ ನನ್ನತ್ತ ತಿರುಗಿ, "ಸತ್ತವರು ತಕರಾರು ಅರ್ಜಿ ಕೊಡೋದಿಲ್ಲ ಅಂತ ತಿಳ್ಕೋಬೇಡ ಮಾರಾಯ, ಸೊಸೆಯಂದಿರ ಕೈಲಿ ಕೊಡಿಸ್ತಾರೆ" ಎಂದರು.

ಮರು ಅಳತೆ: ನನ್ನ ಹೆಂಡತಿಯ ಪ್ರಕಾರ ಅದು ಚಿತ್ರಾನ್ನವಲ್ಲ, ಅವಲಕ್ಕಿ. ಆ ಸಂಜೆ ನಾನೇ ಬಂದು ಹಾಗೆ ಹೇಳಿದೆನಂತೆ. ಇರಬಹುದು. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಅದು ತನ್ನಷ್ಟಕ್ಕೆ ದುರಸ್ತಿ ಮಾಡಿಕೊಂಡು ರುಚಿ ಹೆಚ್ಚಿಸಿಕೊಂಡಿದೆ.

ಕುಪ್ಪಗಡ್ಡೆ ಕಡೆಯ ಇನ್ನೊಂದು ಪ್ರಸಂಗ ಚಿಕ್ಕದು. ಎರಡು ಗದ್ದೆಗಳ ನಡುವಿನ ಗಡಿಕಲ್ಲು ಹುಡುಕುತ್ತಿದ್ದೆ. ನಕಾಶೆಯಲ್ಲಿ ಇರುವ ಜಾಗದಲ್ಲೇ ಕಲ್ಲು ಇತ್ತು, ಪಾಚಿ ಹತ್ತಿತ್ತು. ಕೆರೆದು ನೋಡಿದರೆ ಬಿಲ್ಲು ಹಿಡಿದ ಒಬ್ಬ ವೀರ, ಅವನ ಮುಂದೆ ಎರಡು ದನ, ಮೇಲುಗಡೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು. ನಮ್ಮ ಹಿಂದಿನ ಯಾರೋ ಸರ್ವೆಯರು ಹೊಸ ಕಲ್ಲು ಹೊರುವ ಕಷ್ಟ ತಪ್ಪಿಸಿಕೊಂಡು ವೀರಗಲ್ಲನ್ನೇ ಗಡಿಕಲ್ಲು ಎಂದು ಬರೆದುಬಿಟ್ಟಿದ್ದರು. "ತಲೆ ಕೆಡಿಸ್ಕೋಬೇಡಿ" ಎಂದರು ಗದ್ದೆಯ ಯಜಮಾನರು. "ದನ ಕಾಯಕ್ಕೆ ಹೋಗಿ ಸತ್ತೋನು ಅವನು. ಸತ್ತ ಮೇಲೂ ನಮ್ಮ ಗದ್ದೆಗೆ ದನ ನುಗ್ಗದಂಗೆ ನಿಂತಾನೆ. ಸಂಬಳ ಇಲ್ಲ, ವರ್ಗಾವಣೆ ಇಲ್ಲ." ಕಲ್ಲನ್ನು ಅಲ್ಲಿಂದ ಎಬ್ಬಿಸದೆ ಪಕ್ಕದಲ್ಲಿ ಬೇರೆ ಗಡಿಕಲ್ಲು ನೆಟ್ಟು ಬಂದೆ. ವೀರನಿಗೆ ನಿವೃತ್ತಿ ಕೊಡಿಸಿದ ಹಾಗಾಯಿತು.

ಈಗ ಅಳೆಯುವ ರೀತಿ ಬದಲಾದದ್ದು. ನಾನು ಸೇರಿದಾಗ ಕಬ್ಬಿಣದ ಸರಪಳಿ. ಚಂದ್ರಗುತ್ತಿಯ ಏರಿನಲ್ಲಿ ಅದನ್ನು ಎಳೆದು ಹೆಗಲು ಬಾಗಿದವರು ನಾವು. ಸರಪಳಿ ಹಿಡಿದು ನಡೆಯುವವನಿಗೆ ಪೊದೆಯೊಳಗೆ ಇರುವುದೆಲ್ಲ ಕಾಲಿಗೆ ತಾಗುತ್ತಿತ್ತು: ಕಲ್ಲು, ಹಾವಿನ ಪೊರೆ, ಸಮಾಧಿಯ ಮೂಲೆ. ಆಮೇಲೆ ಉಪಗ್ರಹ ನೋಡಿ ಜಾಗ ಹೇಳುವ ಯಂತ್ರ ಬಂತು. ಅದಕ್ಕೆ ಮರದ ಕೆಳಗೆ ಕಣ್ಣು ಕಾಣುವುದಿಲ್ಲ. ಆಮೇಲೆ ಡ್ರೋನ್ ಬಂತು. ಡ್ರೋನಿಗೆ ಹೊಳೆಯುವುದು ಮಾತ್ರ ಕಾಣುತ್ತದೆ. ಹಳೆಯದು ಮೇಲು, ಹೊಸದು ಕೀಳು ಎಂದು ನಾನು ಹೇಳುತ್ತಿಲ್ಲ. ಸರಪಳಿಯಲ್ಲಿ ನಾವು ಮಾಡಿದ ತಪ್ಪುಗಳಿಂದಲೇ ಎಷ್ಟೋ ವಕೀಲರು ಮನೆ ಕಟ್ಟಿಸಿದ್ದಾರೆ. ಆದರೆ ಮುಂದಿನದು ಅರ್ಥವಾಗಲು ಡ್ರೋನಿನ ಈ ಸ್ವಭಾವ ನೆನಪಿರಲಿ.

ನನ್ನ ಸೇವೆಯ ಕೊನೆಯ ವರ್ಷ ಶಿಕಾರಿಪುರದ ಒಂದು ಹಳೆಯ ರುದ್ರಭೂಮಿಯ ಕೆಲಸ ಬಂತು. ಅದನ್ನು ನೋಡಿಕೊಳ್ಳಲು ಊರಿನವರು ಒಂದು ಸಮಿತಿ ಮಾಡಿಕೊಂಡಿದ್ದರು. ಸುತ್ತಲಿನ ಹಳೆಯ ಗೋಡೆಯ ಜಾಗಕ್ಕೆ ಹೊಸ ಗೋಡೆ, ಒಳಗೆ ಕಾಂಕ್ರೀಟ್ ದಾರಿ, ಮಳೆಗೆ ನಿಲ್ಲಲು ಒಂದು ಶೆಡ್ಡು ಮಾಡಿಸಬೇಕು ಎಂದು ಅವರ ಆಸೆ. ಸಮಿತಿಯ ಅಧ್ಯಕ್ಷರು ಮಹೇಶ್ವರಪ್ಪ, ಪೇಟೆಯಲ್ಲಿ ದೊಡ್ಡ ಕಿರಾಣಿ ಅಂಗಡಿಯವರು. ದಾರಿಯ ನಕ್ಷೆ ಮಾಡಿದವಳು ಸಹನಾ ಎಂಬ ಎಂಜಿನಿಯರ್, ನನ್ನ ಮಗಳ ವಯಸ್ಸಿನವಳು, ಚುರುಕು. ಗಡಿ ಗುರುತಿಸುವುದಷ್ಟೇ ನನ್ನ ಕೆಲಸ. ಆದರೆ ಒಳಗಿನ ಸಮಾಧಿಗಳು ಯಾರವು ಎಂದು ಗುರುತು ಮಾಡುವಾಗಲೂ ಜೊತೆಗಿರಿ ಎಂದು ಕೇಳಿಕೊಂಡರು, ಒಪ್ಪಿದೆ.

ಸಹನಾ ಡ್ರೋನ್ ಚಿತ್ರ ತೋರಿಸಿದಳು. ವರ್ಷವರ್ಷವೂ ಮನೆಯವರು ಸುಣ್ಣ ಬಳಿಯುವ ಸಮಾಧಿಗಳು ಹಸಿರಿನ ನಡುವೆ ಕೊಬ್ಬರಿ ಮಿಠಾಯಿಯ ತುಂಡುಗಳಂತೆ ಕಾಣುತ್ತಿದ್ದವು. ಅವುಗಳಲ್ಲಿ ಒಂದಕ್ಕೂ ತಾಗದಂತೆ ಅವಳು ದಾರಿಯ ಗೆರೆ ಎಳೆದಿದ್ದಳು. ನಡುಮಧ್ಯದ ಪತ್ರೆ ಮರದ, ಅಂದರೆ ಬಿಲ್ವದ, ಉತ್ತರಕ್ಕೆ ದಾರಿ ಸಲೀಸಾಗಿ ಹೋಗಿತ್ತು. ದಕ್ಷಿಣಕ್ಕೆ ಒಂದು ಬಿಳಿ ಚೌಕವಿತ್ತು, ಎಲ್ಲಕ್ಕಿಂತ ಬಿಳಿ. ಉತ್ತರಕ್ಕೆ ಬರೀ ಲಂಟಾನದ ಪೊದೆ.

ಸಂಬಂಧಪಟ್ಟವರು ಭಾನುವಾರ ಬೆಳಿಗ್ಗೆ ಬಂದು ತಮ್ಮ ಹಿರಿಯರ ಸಮಾಧಿ ತೋರಿಸಿ ಹೆಸರು ಬರೆಸಬೇಕು ಎಂದು ಸಮಿತಿಯವರು ಸಾರಿದ್ದರು. ಹೆಸರಿಲ್ಲದ್ದು ದಾರಿಗೆ ಸಿಕ್ಕರೆ ಸಮಿತಿಯ ಜವಾಬ್ದಾರಿಯಲ್ಲ. ಜೆಸಿಬಿಯನ್ನು ಮರುದಿನಕ್ಕೇ ಗೊತ್ತು ಮಾಡಿದ್ದರು.

ಜಾತ್ರೆಯಷ್ಟು ಜನ ಬಂದಿದ್ದರು. ನಾನು ಹೆಸರು ಕೇಳುವುದು, ಸಹನಾ ಕೆಂಪು ಬಣ್ಣದಲ್ಲಿ ನಂಬರು ಹಾಕುವುದು. ಪತ್ರೆ ಮರದ ಹತ್ತಿರದ ಆ ಬಿಳಿ ಕಟ್ಟೆಗೆ ಬಂದಾಗ ಮಹೇಶ್ವರಪ್ಪ, "ಇದು ನಮ್ಮಜ್ಜಂದು, ಬರ್ಕೊಳ್ರಿ" ಎಂದರು. ಸಹನಾ ಕುಂಚ ಅದ್ದಿದಳು.

"ಯಾರ್ರೀ ಅದು, ನಮ್ಮಪ್ಪನ ಮೇಲೆ ನಂಬರ್ ಬರೀತಿರೋದು?"

ಸೊರಬದ ಹೊಸಬಾಳೆಯಿಂದ ಬಂದಿದ್ದ ಗೌರಮ್ಮ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಹಿಂದೆ ಇಬ್ಬರು ಗಂಡುಮಕ್ಕಳು, ಒಬ್ಬನ ಕೈಯಲ್ಲಿ ಸುಣ್ಣದ ಬಕೇಟು.

"ಅಮ್ಮಾ, ಇದು ನಮ್ಮಜ್ಜಂದು" ಎಂದರು ಮಹೇಶ್ವರಪ್ಪ.

"ನಿಮ್ಮಜ್ಜ ನಮ್ಮಪ್ಪನ ಕಟ್ಟೇಲಿ ಯಾಕೆ ಕೂತಾರೆ? ಅಷ್ಟು ದೊಡ್ಡ ಅಂಗಡಿ ಐತೆ, ಕೂರಕ್ಕೆ ಜಾಗ ಇರ್ಲಿಲ್ವಾ?"

ಜನ ನಕ್ಕರು. ಮಹೇಶ್ವರಪ್ಪ ನಗಲಿಲ್ಲ. "ಪ್ರತಿ ವರ್ಷ ಮಹಾಲಯ ಅಮಾಸೆಗೆ ನಾವೇ ಸುಣ್ಣ ಬಳಿಯೋದು, ಯಾರನ್ನ ಬೇಕಾದ್ರೂ ಕೇಳ್ರಿ."

"ಪ್ರತಿ ದೀಪಾವಳಿಗೆ ನಾನು ಬಳೀತೀನಿ! ನಾನು ಬರೋ ಹೊತ್ತಿಗೆ ಬೆಳ್ಳಗೇ ಇರ್ತಿತ್ತು. ಶಿಕಾರಿಪುರದೋರು ಒಳ್ಳೇ ಜನ, ಯಾರೋ ಪುಣ್ಯಾತ್ಮರು ನಮ್ಮಪ್ಪನ್ನ ನೋಡ್ಕೋತಾರೆ ಅಂದ್ಕೊಂಡಿದ್ದೆ."

ಮಹೇಶ್ವರಪ್ಪ ಕಟ್ಟೆಯನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದರು. "ಹಂಗಾದ್ರೆ ಆ ಎಲೆ ಅಡಿಕೆ ಇಡ್ತಿದ್ದೋರು ನೀವೇನು? ವರ್ಷಾ ಕಟ್ಟೆ ಸಂದೀಲಿ ಒಣ ಅಡಿಕೆ ಸಿಕ್ತಿದ್ವು. ಅಜ್ಜನ ಹಳೇ ಗಿರಾಕಿ ಯಾರೋ ಇಡ್ತಾರೆ ಅಂತ ನಮ್ಮಪ್ಪ ಹೇಳ್ತಿದ್ದ. ನಮ್ಮಜ್ಜ ಜನ್ಮದಾಗ ಎಲೆ ಅಡಿಕೆ ಮುಟ್ಟಿದೋರಲ್ರೀ!"

"ನಮ್ಮಪ್ಪಂಗೆ ಅದಿಲ್ದಿದ್ರೆ ಊಟಾನೇ ಸೇರ್ತಿರ್ಲಿಲ್ಲ."

ಒಂದೇ ಸಮಾಧಿಗೆ ಎರಡು ಮನೆ ವರ್ಷವರ್ಷ ಸುಣ್ಣ ಬಳಿದಿತ್ತು. ಅಂಗಡಿಯವರಿಗೆ ದೀಪಾವಳಿ ಎಂದರೆ ಲಕ್ಷ್ಮೀಪೂಜೆ, ವ್ಯಾಪಾರ, ಪುರುಸೊತ್ತಿಲ್ಲ; ಅವರು ಮಹಾಲಯ ಅಮಾವಾಸ್ಯೆಗೇ ಮುಗಿಸುತ್ತಿದ್ದರು. ಗೌರಮ್ಮ ದೀಪಾವಳಿಗೇ ಏಕೆ ಬರುತ್ತಿದ್ದರು ಎಂದು ನಾನು ಕೇಳಿದೆ. ಆಕೆ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು.

"ದೀಪಾವಳಿಗೆ ಹೆಣ್ಮಕ್ಕಳು ಎಲ್ಲಿಗೆ ಹೋಗ್ತಾರೆ ಸಾಹೇಬ್ರೇ? ತವರಿಗೆ. ನಮ್ಮಪ್ಪ ಇದೇ ಊರಲ್ಲಿ ಗಾಡಿ ಹೊಡೀತಿದ್ದ. ಅಣ್ಣ ತಮ್ಮ ಇಲ್ಲ, ಮನೆ ಯಾರ್ದೋ ಆತು. ತವರು ಅಂತ ನಂಗೆ ಉಳ್ದಿರೋದು ಇದೊಂದು ಕಟ್ಟೆ."

ತವರು ಕಳೆದುಕೊಳ್ಳುವ ಹೆಂಗಸಿನ ಎದುರಿಗೆ ಕೆಂಪು ಕುಂಚ ಹಿಡಿದು ನಿಂತ ಸಹನಾ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅವಳ ಚೂಡಿದಾರಕ್ಕೆಲ್ಲ ಬಣ್ಣವಾಯಿತು.

"ಇದೇ ಕಟ್ಟೆ ಅಂತ ನಿಮಗೆ ತೋರಿಸಿದವರು ಯಾರು?" ಎಂದು ಇಬ್ಬರನ್ನೂ ಕೇಳಿದೆ. ಯಾರೂ ತೋರಿಸಿರಲಿಲ್ಲ, ಹೇಳಿದ್ದರು. ಮಣ್ಣು ಮಾಡುವಾಗ ಗೌರಮ್ಮ ಚಿಕ್ಕವರು. ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟಿರಲಿಲ್ಲ. "ಪತ್ರೆ ಮರದ ಬಲಕ್ಕೆ ಅಂತ ನಮ್ಮವ್ವ ಹೇಳಿದ್ಲು" ಎಂದರು. ಮಹೇಶ್ವರಪ್ಪ ತಟ್ಟನೆ ಮರದತ್ತ ತಿರುಗಿದರು. ಅವರ ತಂದೆ ಮಗನಿಗೆ ಹೇಳಿದ್ದೂ ಅದೇ ಮಾತು: ಪತ್ರೆ ಮರದ ಬಲಕ್ಕೆ.

ನನಗೆ ಗೋಡೆಯಲ್ಲಿ ಕಂಡದ್ದು ಹೊಳೆಯಿತು. ಗಡಿ ಅಳೆಯುವಾಗ ಪೂರ್ವದ ಗೋಡೆಯಲ್ಲಿ ಕಲ್ಲಿಟ್ಟು ಮುಚ್ಚಿದ ಹಳೆಯ ಬಾಗಿಲೊಂದನ್ನು ನೋಡಿದ್ದೆ. ಈಗಿನ ಗೇಟು ಪಶ್ಚಿಮಕ್ಕಿದೆ. ಪಶ್ಚಿಮದಿಂದ ಬಂದವನಿಗೆ ಬಲವೆಂದರೆ ದಕ್ಷಿಣ, ಈ ಬಿಳಿ ಕಟ್ಟೆ. ಪೂರ್ವದಿಂದ ಬರುತ್ತಿದ್ದವನಿಗೆ ಬಲವೆಂದರೆ ಉತ್ತರ, ಆ ಲಂಟಾನ. ಒಬ್ಬರಿಗೆ ಹೇಳಿದ್ದು ಹಳೆಯ ಬಾಗಿಲಿನ ಬಲ, ಇನ್ನೊಬ್ಬರಿಗೆ ಹೊಸ ಗೇಟಿನ ಬಲ. ಇಬ್ಬರೂ ಹೊಸ ಗೇಟಿನಿಂದ ಬಂದು ಒಂದೇ ಕಡೆ ತಿರುಗಿದ್ದರು.

ಹೊಸಬರಿಗೆ ನಾನು ಕೊಡುವ ಒಂದೇ ಬುದ್ಧಿಮಾತು ಇದು. ನಕ್ಷೆಯಲ್ಲಿ ಎಡ ಬಲ ಎಂದು ಬರೆಯಬೇಡಿ. ಪೂರ್ವ ಪಶ್ಚಿಮ ಎಂದು ಬರೆಯಿರಿ. ಬಾಗಿಲು ಬದಲಾಗುತ್ತದೆ, ಸೂರ್ಯ ಬದಲಾಗುವುದಿಲ್ಲ.

ಹಾಗಾದರೆ ಗೇಟು ಬದಲಾದದ್ದು ಯಾವಾಗ? ಯಾವ ಸಾವಿನ ಮುಂಚೆ, ಯಾವುದರ ನಂತರ? ಅಲ್ಲಿದ್ದ ಹಿರಿಯರನ್ನು ಕೇಳಿದೆವು. ಒಬ್ಬರು ರಸ್ತೆ ಅಗಲ ಮಾಡಿದಾಗ ಎಂದರು. ಇನ್ನೊಬ್ಬರು ಅದಲ್ಲ, ಕೆರೆ ಕೋಡಿ ಬಿದ್ದ ವರ್ಷ ಎಂದರು. ಮೂರನೆಯವರು ಊರುಗೋಲು ನೆಲಕ್ಕೆ ಕುಟ್ಟಿ, "ಗೇಟು ಬದ್ಲಾಗೇ ಇಲ್ಲ, ಮೊದ್ಲಿಂದ ಇಲ್ಲೇ ಐತೆ" ಎಂದರು. ಮುಚ್ಚಿದ ಬಾಗಿಲು ತೋರಿಸಿದರೆ, "ಅದು ಕಿಟಕಿ" ಎಂದರು. ಸ್ಮಶಾನಕ್ಕೆ ಯಾರು ಕಿಟಕಿ ಇಡುತ್ತಾರೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಲಂಟಾನ ಕಡಿಸಿದೆವು. ಅಡಿಯಲ್ಲಿ ಚೌಕ ಕಟ್ಟೆ ಇತ್ತು. ಗಾರೆ ಉದುರಿ, ಒಂದು ಮೂಲೆ ಕುಸಿದು, ಮೇಲೆ ಇರುವೆ ಗೂಡು. ಸಹನಾ ತನ್ನ ನಕ್ಷೆ ನೋಡಿ, "ಸರ್, ದಾರಿ ಸರಿಯಾಗಿ ಇದರ ಮೇಲೇ ಹೋಗುತ್ತೆ" ಎಂದಳು. "ಡ್ರೋನಲ್ಲಿ ಕಾಣಿಸಲೇ ಇಲ್ಲ."

ಈಗ ಎಲ್ಲರಿಗೂ ಲೆಕ್ಕ ತಿಳಿಯಿತು. ಹಿರಿಯರು ಇಬ್ಬರು, ಕಟ್ಟೆ ಎರಡು. ಬಿಳಿಯದಕ್ಕೆ ಇಬ್ಬರು ವಾರಸುದಾರರು, ಕುಸಿದದ್ದಕ್ಕೆ ಒಬ್ಬರೂ ಇಲ್ಲ. ಅದು ನಮ್ಮದು ಎಂದವರು ಇಷ್ಟು ವರ್ಷ ತಮ್ಮ ಹಿರಿಯರನ್ನು ಮುಳ್ಳುಕಂಟಿಯಲ್ಲಿ ಬಿಟ್ಟಿದ್ದೆವು ಎಂದು ಊರ ಮುಂದೆ ಒಪ್ಪಿಕೊಂಡಂತೆ. ಯಾರೂ ಅನ್ನದಿದ್ದರೆ ನಾಳೆ ಜೆಸಿಬಿ. ಅದು ಮೂರನೆಯವರ ಸಮಾಧಿಯೂ ಆಗಿರಬಹುದು ಎಂಬುದು ನನಗೆ ಹೊಳೆದಿತ್ತು. ಆ ಮಾತು ನಾನು ಆಡಲಿಲ್ಲ. ಆಡಿದ್ದರೆ ಇಬ್ಬರಿಗೂ ತಪ್ಪಿಸಿಕೊಳ್ಳಲು ದಾರಿ ಸಿಗುತ್ತಿತ್ತು.

ಗೌರಮ್ಮ ಕುಸಿದ ಕಟ್ಟೆಯ ಹತ್ತಿರ ಹೋದರು. ಸೆರಗಿನಿಂದ ಇರುವೆ ಕೊಡವಿದರು. ಉದುರಿದ ಗಾರೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟರು.

"ಇದು ನಮ್ಮಪ್ಪ ಅಲ್ಲ, ನಂಗೊತ್ತು" ಎಂದರು ಕೊನೆಗೆ. "ಆದ್ರೆ ಆಗಿದ್ರೆ? ಮಗಳು ವರ್ಷಾ ಬರ್ತಾಳೆ, ಪಕ್ಕದ ಮನೆಗೆ ಹೋಗಿ ವಾಪಸ್ ಹೋಗ್ತಾಳೆ ಅಂತ ನೋಡ್ತಾ ಕೂತಿದ್ರೆ?" ನನ್ನ ಕಡೆ ತಿರುಗಿದರು. "ಬರ್ಕೊಳ್ಳಿ ಸಾಹೇಬ್ರೇ. ಇದೂ ನಮ್ಮಪ್ಪ."

"ಎಷ್ಟು ಜನ ಅಪ್ಪಂದಿರಮ್ಮ ನಿಮಗೆ?" ಎಂದು ಹಿಂದಿನಿಂದ ಯಾರೋ ಕುಚೋದ್ಯ ಮಾಡಿದರು.

"ಇಬ್ರು! ಒಬ್ಬ ಅಜ್ಜನ್ನ ಈ ಊರೋರಿಗೆ ನೆಟ್ಟಗೆ ನೋಡ್ಕೊಳಕ್ಕಾಗ್ಲಿಲ್ಲ. ನಾನು ಹೊಸಬಾಳೆಯಿಂದ ಬಂದು ಇಬ್ರು ಅಪ್ಪಂದಿರನ್ನ ನೋಡ್ಕೋತೀನಿ. ಏನೀಗ?"

ಮಹೇಶ್ವರಪ್ಪನವರಿಗೆ ಈಗ ನಿಲ್ಲಲು ನೆಲವಿರಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಹಂಗಾದ್ರೆ ನಮ್ಮಜ್ಜನೂ ಇಬ್ರು. ಬರ್ಕೊಳ್ರಿ, ಎರಡಕ್ಕೂ ನಮ್ಮ ಹೆಸರೂ ಹಾಕ್ರಿ."

ಗುಂಪು ಹೋ ಎಂದು ನಕ್ಕಿತು. ಕಿಟಕಿ ಎಂದಿದ್ದ ಅಜ್ಜ ಎಲ್ಲರಿಗಿಂತ ಜೋರಾಗಿ ನಕ್ಕರು. ಸಹನಾ ಅಲ್ಲೇ ಕೂತು ರಬ್ಬರಿನಲ್ಲಿ ತನ್ನ ದಾರಿ ಅಳಿಸಿದಳು.

ಮರು ಅಳತೆ: ಗೌರಮ್ಮ ಮೊದಲು ಮಾತಾಡಿದರು ಎಂದು ಬರೆದಿದ್ದೇನೆ. ಪೇಟೆಯಲ್ಲಿ ಮಹೇಶ್ವರಪ್ಪನವರನ್ನು ಕೇಳಿದರೆ ತಾವೇ ಮೊದಲು ಹೇಳಿದ್ದು ಎನ್ನುತ್ತಾರೆ, ನಂಬುವ ಹಾಗೆಯೇ ಹೇಳುತ್ತಾರೆ. ಸಹನಾಳ ಪ್ರಕಾರ ಎರಡು ಹೆಸರಿನ ಉಪಾಯ ಅವಳದು. ಅವಳು ಕಿವಿಯಲ್ಲಿ ಹೇಳಿದಳಂತೆ, ನಾನು ಜೋರಾಗಿ ಹೇಳಿದೆನಂತೆ. ನನಗೆ ನಾನು ಏನಾದರೂ ಹೇಳಿದ ನೆನಪೇ ಇಲ್ಲ. ಇಷ್ಟು ವರ್ಷ ಎಲ್ಲರ ಗಡಿ ಗುರುತು ಮಾಡಿದವನಿಗೆ ಒಂದು ಭಾನುವಾರದ ಬೆಳಗಿನ ಗಡಿ ಸಿಗುತ್ತಿಲ್ಲ. ಮೂರು ಕಥೆಗಳೂ ಒಂದು ಕಡೆ ಮಾತ್ರ ಸೇರುತ್ತವೆ: ಮರುದಿನ ಜೆಸಿಬಿ ಬಂದಾಗ ದಾರಿ ಪತ್ರೆ ಮರದ ಹತ್ತಿರ ಬಾಗಿತ್ತು. ಈಗಲೂ ಹೋಗಿ ನೋಡಬಹುದು. ನೇರವಾಗಿ ಬಂದ ಕಾಂಕ್ರೀಟು ಅಲ್ಲಿ ಯಾರಿಗೋ ದಾರಿ ಬಿಟ್ಟು ನಿಂತ ಹಾಗೆ ಪಕ್ಕಕ್ಕೆ ಸರಿಯುತ್ತದೆ.

ನಕ್ಷೆಯಲ್ಲಿ ಒಂದು ಸಮಾಧಿಗೆ ಒಂದೇ ಹೆಸರು ಬರೆಯುವಷ್ಟು ಜಾಗವಿತ್ತು. ನಾನು ಚಿಕ್ಕ ಅಕ್ಷರದಲ್ಲಿ ಎರಡೆರಡು ಬರೆದೆ.

ನಿವೃತ್ತಿಯ ನಂತರದ ದೀಪಾವಳಿಗೆ ಕೆಲಸವಿಲ್ಲದ ಕಾಲುಗಳು ನನ್ನನ್ನು ಅಲ್ಲಿಗೇ ಎಳೆದುಕೊಂಡು ಹೋದವು. ಎರಡೂ ಕಟ್ಟೆಗಳು ಕಣ್ಣು ಕುಕ್ಕುವಷ್ಟು ಬಿಳಿ. ಕುಸಿದ ಮೂಲೆಗೆ ಸಿಮೆಂಟು ಮೆತ್ತಿತ್ತು. ಅಂಗಡಿಯವರು ಮಹಾಲಯ ಅಮಾವಾಸ್ಯೆಗೇ ಬಳಿದು, ಉಳಿದ ಸುಣ್ಣವನ್ನು ಮುಚ್ಚಳ ಬಿಗಿದ ಬಕೇಟಿನಲ್ಲಿ ಪತ್ರೆ ಮರದ ಬುಡಕ್ಕೆ ಇಟ್ಟುಹೋಗಿದ್ದರಂತೆ, ಮೇಲೊಂದು ಹೊಸ ಬ್ರಷ್ಷು. ಗೌರಮ್ಮನ ಮಕ್ಕಳು ಬಿಳಿಯ ಮೇಲೆ ಇನ್ನೊಂದು ಸಲ ಬಿಳಿ ಬಳಿಯುತ್ತಿದ್ದರು.

ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರು ನಿಂತಿತು. ಮಹೇಶ್ವರಪ್ಪ, ಹಿಂದೆ ಅವರ ಹೆಂಡತಿ, ಕೈಯಲ್ಲಿ ಮೊರ. ಲಕ್ಷ್ಮೀಪೂಜೆಯ ದಿನ ಅಂಗಡಿ ಬಿಟ್ಟು ಬಂದಿದ್ದರು.

"ಗೌರಕ್ಕಾ, ಹೊರಗೆ ಬರ್ರಿ. ಉಡಿ ತುಂಬ್ತಾಳಂತೆ. ಒಳಗೆ ತುಂಬಬಾರ್ದು" ಎಂದು ಕೂಗಿದರು.

ಗೌರಮ್ಮ ಗೇಟಿನ ಹೊರಗೆ ನಿಂತು ಸೆರಗು ಒಡ್ಡಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಕಣ. ತವರಿನವರು ಹೆಣ್ಣುಮಗಳಿಗೆ ಕೊಡುವುದೆಲ್ಲ ಇತ್ತು. ಆಕೆ ಉಡಿ ಕಟ್ಟಿಕೊಂಡು, ಒಳಗೆ ಹೋಗಿ, ಚೀಲದಿಂದ ಎಲೆ ಅಡಿಕೆ ತೆಗೆದು ಮೊದಲು ದಕ್ಷಿಣದ ಕಟ್ಟೆಯ ಮೇಲೆ, ಆಮೇಲೆ ಸಿಮೆಂಟು ಮೆತ್ತಿದ ಕಟ್ಟೆಯ ಮೇಲೆ ಇಟ್ಟರು.

"ಅಕ್ಕಾ, ನಮ್ಮಜ್ಜ ಎಲೆ ಅಡಿಕೆ ಮುಟ್ತಿರ್ಲಿಲ್ಲ ಅಂತ ಹೇಳಿದ್ನಲ್ಲ" ಎಂದರು ಮಹೇಶ್ವರಪ್ಪ.

ಗೌರಮ್ಮ ಎಲೆಯ ಮೇಲೆ ಇನ್ನೊಂದು ಅಡಿಕೆ ಇಟ್ಟರು.

"ಇಷ್ಟು ವರ್ಷ ಕೊಟ್ಟೀನಿ ತಮ್ಮಾ. ಈಗ ಅಭ್ಯಾಸ ಆಗಿರುತ್ತೆ, ಬಿಡಿಸ್ಬೇಡ."